ಮಗುವಿಗೋಸ್ಕರ ತಿಂದೆ, ಆಮೇಲೆ?

ಬಸುರಿಯ ತಟ್ಟೆಯ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ಅಮ್ಮ, ಅತ್ತೆ, ಪಕ್ಕದ ಮನೆಯವರು, ಆಫೀಸಿನ ಕ್ಯಾಂಟೀನಿನಲ್ಲಿ ಬಡಿಸುವವರು, ಎಲ್ಲರೂ ಏನು ತಿಂದೆ, ಎಷ್ಟು ತಿಂದೆ, ಏನು ಬಯಕೆ ಅಂತ ಕೇಳುತ್ತಾರೆ. ಪಪ್ಪಾಯಿ ಮುಟ್ಟಬೇಡ, ಎಳನೀರು ಬಿಡಬೇಡ, ರಾತ್ರಿ ಹಾಲಿಗೆ ಎರಡು ಎಸಳು ಕೇಸರಿ ಹಾಕಿಕೋ. ಹೆಣ್ಣೊಬ್ಬಳ ಊಟದ ಬಗ್ಗೆ ಇಷ್ಟು ಜನ ಇಷ್ಟು ಅಕ್ಕರೆಯಿಂದ ಮಾತಾಡುವ ಕಾಲ ಇನ್ನೊಂದಿಲ್ಲ. ಆದರೂ ಊಟವೇ ಕಾಯಿಲೆಯಾಗಿ ಕಾಡುತ್ತಿರುವವಳು ಈ ಒಂಬತ್ತು ತಿಂಗಳನ್ನು ಯಾರಿಗೂ ಗೊತ್ತಾಗದಂತೆ ದಾಟಿಬಿಡಬಹುದು. ನನಗೆ ಬುಲಿಮಿಯಾ ಇತ್ತು, ಮಿತಿಮೀರಿ ತಿಂದು ಆಮೇಲೆ ಅದನ್ನು ಹೊರಹಾಕುವ ಕಾಯಿಲೆ. ನಾನು ಹಾಗೆಯೇ ದಾಟಿದೆ, ಹೆರಿಗೆಯಾದ ಮೇಲೆ ಕುಸಿದೆ. ಹೀಗಾಗುವುದು ನನ್ನೊಬ್ಬಳಿಗೇ ಅಲ್ಲ ಎಂದು ಆಮೇಲೆ ತಿಳಿಯಿತು. ತಿಳಿದದ್ದನ್ನು ಕನ್ನಡದಲ್ಲಿ ಬರೆದಿಡಬೇಕು ಅಂತ ಅಂದಿನಿಂದಲೂ ಅನ್ನಿಸುತ್ತಲೇ ಇತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಕೆಜಿ ಲೆಕ್ಕ ಇಲ್ಲ, ಕ್ಯಾಲೊರಿ ಇಲ್ಲ, ನಾನು ಏನೇನು ಮಾಡುತ್ತಿದ್ದೆ ಎಂಬ ವಿವರವೂ ಇಲ್ಲ. ಕಾಯಿಲೆ ಜೋರಾಗಿದ್ದಾಗ ನಾನು ಇಂಥ ಬರಹಗಳನ್ನು ಹುಡುಕಿ ಓದುತ್ತಿದ್ದುದು ಆ ಅಂಕಿಗಳಿಗಾಗಿಯೇ. ಇನ್ನೊಬ್ಬಳ ಅಂಕಿ ಸಿಕ್ಕರೆ ಅದರ ಜತೆ ಪೈಪೋಟಿಗೆ ಬೀಳುವುದು ಈ ಕಾಯಿಲೆಯ ಗುಣ. ಅದೇ ಸ್ಥಿತಿಯಲ್ಲಿ ಇದನ್ನು ಓದುತ್ತಿರುವವಳ ಕೈಗೆ ನಾನು ಅದನ್ನು ಕೊಡಲಾರೆ.

ಶುರುವಾದದ್ದು ಪಿಯುಸಿ ಓದುವಾಗ, ತುಮಕೂರಿನ ಹಾಸ್ಟೆಲಿನಲ್ಲಿ. ಹೊಟ್ಟೆಗೆ ಕಡಿಮೆ ಮಾಡುವುದು, ತಡೆಯಲಾಗದೆ ಒಂದು ದಿನ ಮಿತಿಮೀರಿ ತಿನ್ನುವುದು, ತಿಂದದ್ದನ್ನು ಹೊರಹಾಕುವುದು, ನಾಚಿಕೆ, ಆ ನಾಚಿಕೆಗೆ ಪ್ರಾಯಶ್ಚಿತ್ತವೆಂಬಂತೆ ಮತ್ತೆ ಉಪವಾಸ. ಗಾಣದೆತ್ತಿನ ಹಾಗೆ ಅದೇ ಸುತ್ತು. ಇದಕ್ಕೆ ಬುಲಿಮಿಯಾ ನರ್ವೋಸಾ ಎಂದು ಹೆಸರಿಟ್ಟವರು ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್, 1979ರಲ್ಲಿ. ಆ ಹೊತ್ತಿಗೆ ಊಟವನ್ನೇ ಬಿಟ್ಟು ಸೊರಗುವ ಅನೊರೆಕ್ಸಿಯಾ ಎಂಬ ಕಾಯಿಲೆಯನ್ನು ವೈದ್ಯರು ಗುರುತಿಸಿ ನೂರು ವರ್ಷವೇ ಆಗಿತ್ತು. ಅನೊರೆಕ್ಸಿಯಾದಲ್ಲಿ ಮೈ ಕರಗುವುದು ಕಣ್ಣಿಗೆ ಕಾಣುತ್ತದೆ. ಬುಲಿಮಿಯಾ ಇರುವವರು ಬಹುಪಾಲು ಎಲ್ಲರಂತೆಯೇ ಕಾಣುತ್ತಾರೆ. ನನ್ನನ್ನು ನೋಡಿದವರೆಲ್ಲ "ಮೈಕೈ ತುಂಬ್ಕೊಂಡು ಚೆನ್ನಾಗಿದ್ದೀಯ" ಅನ್ನುತ್ತಿದ್ದರು. ಆ ಮಾತು ಕೇಳಿದ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಬರುವುದಕ್ಕೆ ಕಾರಣವೂ ಇರಲಿಲ್ಲ. ಸಂಕಷ್ಟಿ, ಶನಿವಾರ, ಏಕಾದಶಿ ಅಂತ ನಾನು ಒಂದೊಂದಾಗಿ ಹಿಡಿದ ಉಪವಾಸಗಳನ್ನು ಕಂಡು ಅಜ್ಜಿ ಹೆಮ್ಮೆಪಡುತ್ತಿದ್ದರು. 'ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ' ಎಂಬ ಮಾತನ್ನು ಕೇಳುತ್ತ ಬೆಳೆದ ಮನೆಯಲ್ಲಿ, ಉಣ್ಣದಿರುವ ಹುಡುಗಿಯನ್ನು ಯಾರು ಕಾಯಿಲೆಯವಳು ಅಂದಾರು? ಉಪವಾಸದ ಬಗ್ಗೆ ನನಗೆ ದೂರಿಲ್ಲ. ಅಜ್ಜಿ ಏಕಾದಶಿ ಮಾಡಿದರೆ ಮಾರನೆಯ ದಿನ ದ್ವಾದಶಿ ಪಾರಣೆ ನೆಮ್ಮದಿಯಾಗಿ ಮಾಡುತ್ತಿದ್ದರು. ನನಗೆ ಪಾರಣೆಯೇ ಭಯ. ವ್ರತಕ್ಕೂ ಕಾಯಿಲೆಗೂ ಇರುವ ವ್ಯತ್ಯಾಸ ಆ ಮಾರನೆಯ ದಿನದಲ್ಲಿದೆ ಎಂದು ಈಗ ನನಗೆ ಅನಿಸುತ್ತದೆ.

ಹಸಿವು ಮನಸ್ಸಿಗೆ ಏನು ಮಾಡುತ್ತದೆ ಎಂಬುದಕ್ಕೆ ಒಂದು ಪ್ರಯೋಗದ ಕಥೆ ಇದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಯುದ್ಧದಲ್ಲಿ ಬಂದೂಕು ಹಿಡಿಯುವುದಿಲ್ಲ ಎಂದಿದ್ದ ಆ ಹುಡುಗರು ತಾವಾಗಿಯೇ ಇದಕ್ಕೆ ಒಪ್ಪಿಕೊಂಡಿದ್ದರು. ಕೆಲವೇ ವಾರಗಳಲ್ಲಿ ಅವರಿಗೆ ಊಟದ ವಿಷಯ ಬಿಟ್ಟು ಬೇರೇನೂ ಬೇಡವಾಯಿತು. ಅಡುಗೆ ಪುಸ್ತಕ ಸಂಗ್ರಹಿಸಿದರು, ತಟ್ಟೆಯಲ್ಲಿದ್ದುದನ್ನು ಗಂಟೆಗಟ್ಟಲೆ ಕೆದಕುತ್ತ ಕೂತರು, ಮಂಕಾದರು, ಸಿಡುಕಿದರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಕೆನಿಸಲಿಲ್ಲ. ಅವರಲ್ಲಿ ಯಾರಿಗೂ ತೆಳ್ಳಗಾಗುವ ಹಂಬಲವಿರಲಿಲ್ಲ. ನನ್ನ ಡಾಕ್ಟರು ಇದನ್ನು ಹೇಳಿದ ದಿನ ನನ್ನೊಳಗೆ ಏನೋ ಸಡಿಲವಾಯಿತು. ಅಷ್ಟು ವರ್ಷ ನಾನು ಅದನ್ನು ನನ್ನ ಹೊಟ್ಟೆಬಾಕತನ, ನನ್ನ ಚಪಲ ಎಂದೇ ನಂಬಿದ್ದೆ. ಅರೆಹೊಟ್ಟೆಯಲ್ಲಿಟ್ಟ ಯಾವ ದೇಹವೂ ಮಾಡುವುದನ್ನೇ ನನ್ನ ದೇಹವೂ ಮಾಡಿತ್ತು.

ಆದರೆ ಆ ಡಾಕ್ಟರು ಸಿಕ್ಕಿದ್ದು ಬಹಳ ತಡವಾಗಿ. ಅದಕ್ಕೂ ಮುಂಚೆ ಮದುವೆಯಾಗಿ ಬೆಂಗಳೂರಿಗೆ ಬಂದಿದ್ದೆ. ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ. ಹಾಗಿರುವಾಗ ಬಸಿರು ನಿಲ್ಲುವುದಿಲ್ಲ ಎಂದು ನಾನು ತಿಳಿದಿದ್ದೆ. ಊಟದ ಕಾಯಿಲೆ ಇರುವ ಬಹಳ ಹೆಂಗಸರು ಹೀಗೇ ತಿಳಿದಿರುತ್ತಾರೆ, ಅದಕ್ಕೇ ಅವರಲ್ಲಿ ಯೋಜಿಸದ ಬಸಿರು ಹೆಚ್ಚು. ಮುಟ್ಟು ಬರುವ ಮೊದಲೇ ಅಂಡಾಣು ಬಿಡುಗಡೆಯಾಗಿರಬಹುದು. ಮುಟ್ಟು ನಿಂತಿದ್ದರೆ ಮಾತ್ರ ಅನೊರೆಕ್ಸಿಯಾ ಎನ್ನುವ ನಿಯಮ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೇ ಇತ್ತು, 2013ರ ಪರಿಷ್ಕರಣೆಯಲ್ಲಿ ಅದನ್ನು ತೆಗೆದರು. ಎರಡು ಗೆರೆ ಕಂಡಾಗ ನನಗೆ ಆದ ಖುಷಿ ನಿಜವಾದದ್ದು. ಅದರ ಬೆನ್ನಿಗೇ ಬಂದ ಭಯ ಮಾತ್ರ ಹೆರಿಗೆಯದಲ್ಲ, ಉಬ್ಬುವ ಹೊಟ್ಟೆಯದು.

ಮೊದಲ ಮೂರು ತಿಂಗಳು ವಾಂತಿ. ವಾಂತಿಯಾದರೆ ಎಲ್ಲರಿಗೂ ಸಂತೋಷ, ಅದು ಬಸಿರು ಚೆನ್ನಾಗಿ ನಿಂತ ಗುರುತಂತೆ. ಅತ್ತೆ ಬೆನ್ನು ನೀವುತ್ತಿದ್ದರು, ಶುಂಠಿ ಕೊಡುತ್ತಿದ್ದರು. ವರ್ಷಗಟ್ಟಲೆ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು ಅಡಗಿಸಿದ್ದ ಸದ್ದಿಗೆ ಈಗ ಮನೆಮಂದಿಯೆಲ್ಲ ಓಡಿ ಬರುತ್ತಿದ್ದರು. ಆ ಅಕ್ಕರೆಗೆ ನಾನು ಹೇಗೆ ಮುಖ ಕೊಡಬೇಕಿತ್ತು? ತಾನಾಗಿ ಬರುವ ವಾಂತಿ ಯಾವುದು, ಅದನ್ನು ನೆಪ ಮಾಡಿಕೊಂಡು ನಾನು ಬರಿಸಿಕೊಂಡದ್ದು ಯಾವುದು ಎಂಬ ಗೆರೆ ಕೆಲವು ದಿನ ನನಗೇ ತಿಳಿಯುತ್ತಿರಲಿಲ್ಲ. ಬುಲಿಮಿಯಾದ ಚರಿತ್ರೆ ಇರುವವರಿಗೆ ಇದು ಅಪಾಯದ ಹೊತ್ತು. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಇಳಿದರೆ ಹೃದಯದ ಬಡಿತ ತಪ್ಪುತ್ತದೆ. ಒಂದು ಸಾಧಾರಣ ರಕ್ತ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ, ಆದರೆ ಆ ಪರೀಕ್ಷೆ ಬರೆಯಬೇಕಾದರೆ ಡಾಕ್ಟರಿಗೆ ವಿಷಯ ಗೊತ್ತಿರಬೇಕು. ನಮ್ಮ ಡಾಕ್ಟರು ಸಕ್ಕರೆ, ಬಿಪಿ, ಥೈರಾಯ್ಡ್ ಎಲ್ಲ ಕೇಳಿದರು. ಊಟದ ಜತೆ ನಿಮ್ಮ ಸಂಬಂಧ ಹೇಗಿದೆ ಎಂಬ ಪ್ರಶ್ನೆ ಅವರ ಫಾರ್ಮಿನಲ್ಲಿರಲಿಲ್ಲ.

ನಾಲ್ಕನೇ ತಿಂಗಳ ಸ್ಕ್ಯಾನಿನಲ್ಲಿ ಮಗು ಕೈ ಆಡಿಸಿತು. ಅಂದಿನಿಂದ ನಾನು ತಿನ್ನತೊಡಗಿದೆ. 'ಮಗುವಿಗೋಸ್ಕರ ಆದ್ರೂ ತಿನ್ನಮ್ಮ' ಎಂದು ಎಲ್ಲರೂ ಹೇಳುತ್ತಿದ್ದ ಮಾತು ನನ್ನೊಳಗೆ ಒಂದು ಒಪ್ಪಂದವಾಗಿ ಕೂತಿತು. ಈ ತುತ್ತು ನನ್ನದಲ್ಲ, ಮಗುವಿನದು. ಹಾಗಂದುಕೊಂಡರೆ ಅದು ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಮುದ್ದೆ, ಸೊಪ್ಪಿನ ಸಾರು, ಮೊಸರನ್ನ, ಮೊಟ್ಟೆ, ಕಬ್ಬಿಣದ ಮಾತ್ರೆ, ಎಲ್ಲ ನಿಂತಿತು. ಹತ್ತು ವರ್ಷಕ್ಕೂ ಮೀರಿದ ಕಾಯಿಲೆ ಹೋಗಿಬಿಟ್ಟಿತು ಎಂದೇ ನಂಬಿದೆ, ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಇದು ನನ್ನೊಬ್ಬಳ ಅನುಭವ ಅಲ್ಲವಂತೆ. ನಾರ್ವೆ ದೇಶದಲ್ಲಿ 1999ರಿಂದ 2008ರವರೆಗೆ ತೊಂಬತ್ತು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ಶುರುಮಾಡಿದರು. ಬುಲಿಮಿಯಾ ಇದ್ದ ಅನೇಕರಲ್ಲಿ ಬಸಿರಿನಲ್ಲಿ ಕಾಯಿಲೆ ತಗ್ಗಿದ್ದು ಅದರಲ್ಲಿ ಕಂಡಿತು. ಬೇರೆ ಕೆಲವರಲ್ಲಿ, ಅದರಲ್ಲೂ ಬದುಕಿನ ಕಷ್ಟ ಹೆಚ್ಚಿದ್ದವರಲ್ಲಿ, ಮಿತಿಮೀರಿ ತಿನ್ನುವ ಕಾಯಿಲೆ ಬಸಿರಿನಲ್ಲೇ ಹೊಸದಾಗಿ ಶುರುವಾದದ್ದೂ ಕಂಡಿತು. 'ಬಯಕೆ' ಎಂದು ನಾವು ನಕ್ಕು ಬಿಡುವುದರ ಒಳಗೆ ಕೆಲವೊಮ್ಮೆ ಇದೂ ಇರುತ್ತದೆ. ಇನ್ನು ತಗ್ಗಿದ ಕಾಯಿಲೆ ಹೆರಿಗೆಯ ನಂತರದ ತಿಂಗಳುಗಳಲ್ಲಿ ಮರಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಗೊತ್ತಿಲ್ಲದಿದ್ದುದು ನಮಗೆ, ಅಂದರೆ ಬಸುರಿಯರಿಗೆ, ಅವರ ಮನೆಯವರಿಗೆ.

ತೂಕದ ಮಿಷನ್ನಿನ ಬಗ್ಗೆ ಹೇಳಲೇಬೇಕು. ಪ್ರತಿ ಚೆಕಪ್ಪಿಗೂ ಮೊದಲು ಅದರ ಮೇಲೆ ನಿಲ್ಲಬೇಕು. ನರ್ಸ್ ಅಂಕಿಯನ್ನು ಗಟ್ಟಿಯಾಗಿ ಓದಿ, ಆಚೆ ಟೇಬಲ್ಲಿನಲ್ಲಿ ಕೂತವರಿಗೆ ಹೇಳಿ, ಕಾರ್ಡಿನಲ್ಲಿ ಬರೆಸುತ್ತಿದ್ದರು. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಬೆಳಗ್ಗೆಯಿಂದ ಏನೂ ಸೇವಿಸದೆ, ಬಳೆ ಕೂಡ ತೆಗೆದಿಟ್ಟು ಹೋಗುತ್ತಿದ್ದೆ. ಒಮ್ಮೆ ಒಬ್ಬ ಹಿರಿಯ ನರ್ಸ್ ನನ್ನ ಮುಖ ನೋಡಿ, ಯಾಕೆ ಅಂತ ಕೇಳದೆ, ನನ್ನ ಭುಜ ಹಿಡಿದು ಆ ಕಡೆ ತಿರುಗಿಸಿದರು. "ಗೋಡೆ ನೋಡ್ಕೊಂಡು ನಿಂತ್ಕೋ, ನಾನು ಬರ್ಕೋತೀನಿ, ನಿಂಗ್ಯಾಕೆ ಅದು" ಅಂದರು. ಗೋಡೆಯ ಮೇಲೆ ಪೋಲಿಯೊ ಲಸಿಕೆಯ ಹಳೆಯ ಪೋಸ್ಟರ್ ಇತ್ತು. ಬೆನ್ನು ತಿರುಗಿಸಿ ತೂಕ ನೋಡುವುದು ಈ ಕಾಯಿಲೆಯ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಪದ್ಧತಿಯೇ ಎಂದು ನನಗೆ ಆಗ ಗೊತ್ತಿರಲಿಲ್ಲ. ಬಸಿರಿನಲ್ಲಿ ತೂಕದ ಲೆಕ್ಕ ಡಾಕ್ಟರಿಗೆ ಬೇಕು, ಸರಿ. ಅದು ನಮ್ಮ ಕಿವಿಗೆ ಬೀಳಲೇಬೇಕೆಂದಿಲ್ಲ. ಇದನ್ನು ಯಾವ ಬಸುರಿ ಬೇಕಾದರೂ, ಕಾರಣ ಕೊಡದೆ, ಕೇಳಿಕೊಳ್ಳಬಹುದು.

ಪುತ್ತೂರಿನ ಕಡೆಯವರಾದ ನನ್ನ ಗಂಡನ ಅಜ್ಜಿ ಮಾತ್ರ ಎಲ್ಲರಿಗಿಂತ ಬೇರೆ ಮಾತು ಹೇಳಿದರು. "ಜಾಸ್ತಿ ತಿನ್ಬೇಡ ಮಗಾ, ಮಗು ದೊಡ್ಡದಾದ್ರೆ ಹೆರಿಗೆ ಕಷ್ಟ." ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ ಮಾರ್ಕ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಂಪತಿ 1983ರಲ್ಲಿ ಇದೇ ನಂಬಿಕೆಯ ಬಗ್ಗೆ ಬರೆದಿದ್ದಾರೆ. ಊಟ ಮತ್ತು ಮಗು ಹೊಟ್ಟೆಯ ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ, ಹೆಚ್ಚು ಉಂಡರೆ ಮಗುವಿಗೆ ಇಕ್ಕಟ್ಟು, ಚಿಕ್ಕ ಮಗುವಾದರೆ ಹೆರಿಗೆ ಸಲೀಸು. ಆಸ್ಪತ್ರೆ ದೂರವಿದ್ದ, ಹೆರಿಗೆಯಲ್ಲಿ ಹೆಂಗಸರು ಸಾಯುತ್ತಿದ್ದ ಕಾಲದಲ್ಲಿ ಹುಟ್ಟಿದ ಭಯ ಅದು, ಅಜ್ಜಿಯನ್ನು ನಾನು ದೂರಲಾರೆ. ಆದರೆ ನನ್ನ ಕಾಯಿಲೆ ಆ ಮಾತನ್ನು ಥಟ್ಟನೆ ಹಿಡಿದುಕೊಂಡಿತು. ಎಲ್ಲಿಂದ ಯಾವ ಮಾತು ಬಂದರೂ ತನಗೆ ಬೇಕಾದುದನ್ನು ಹೆಕ್ಕಿಕೊಳ್ಳುವ ಚುರುಕು ಅದಕ್ಕಿತ್ತು.

"ತಿನ್ನೋಕೆ ಇಲ್ದೋರು ಅಷ್ಟು ಜನ ಇರೋವಾಗ ಇದೂ ಒಂದು ಕಾಯಿಲೆನಾ?" ಎಂದು ಆಪ್ತರೊಬ್ಬರು ಆಮೇಲೆ ಕೇಳಿದ್ದರು. ನೋವಾಯಿತು, ಆದರೆ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ರಾಜ್ಯದಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾದದ್ದು ಹಸಿವು ನಿಜವಾಗಿ ಇರುವುದರಿಂದಲೇ. ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆ ಕೊಡುವುದೂ ಅದಕ್ಕೇ. ನಾನು ಹೇಳುವುದು ಇಷ್ಟೇ. ತಟ್ಟೆ ತುಂಬಿದ್ದೂ ಉಣ್ಣಲಾಗದವಳ ರಕ್ತದಲ್ಲೂ ಕಬ್ಬಿಣ ಇಳಿಯುತ್ತದೆ, ಅವಳ ಮಗುವೂ ದಿನ ತುಂಬುವ ಮೊದಲೇ ಹುಟ್ಟುವ, ಕಡಿಮೆ ತೂಕದಲ್ಲಿ ಹುಟ್ಟುವ ಅಪಾಯವಿದೆ. ಅಂಗನವಾಡಿಯ ಊಟಕ್ಕೆ ಬಂದು ಕೂತ ಹೆಂಗಸಿಗೂ ಈ ಕಾಯಿಲೆ ಇರಬಹುದು. ಬಡವರ ಮನೆಗೆ ಅದು ಬರುವುದಿಲ್ಲ ಎಂದು ನಂಬಿದರೆ ಅಲ್ಲಿ ಅದನ್ನು ಯಾರೂ ಹುಡುಕುವುದೂ ಇಲ್ಲ.

ಅಪಾಯದ ಮಾತು ಬರೆಯುವಾಗ ಕೈ ತಡೆಯುತ್ತದೆ, ಯಾಕೆಂದರೆ ಇದನ್ನು ಓದುವ ಬಸುರಿಗೆ ಈಗಾಗಲೇ ಹೊರಲಾರದಷ್ಟು ಅಪರಾಧ ಭಾವ ಇರುತ್ತದೆ. ಅಪಾಯವೆಂದರೆ ಆಗಿಯೇ ಆಗುತ್ತದೆ ಎಂದಲ್ಲ. ಊಟದ ಕಾಯಿಲೆ ಇರುವ ಬಹಳಷ್ಟು ತಾಯಂದಿರು ಆರೋಗ್ಯವಾದ ಮಕ್ಕಳನ್ನೇ ಹೆರುತ್ತಾರೆ. ನನ್ನ ಮಗಳೂ ಆರೋಗ್ಯವಾಗಿಯೇ ಹುಟ್ಟಿದಳು.

ಅವಳು ಹುಟ್ಟಿದ್ದೇ ಒಪ್ಪಂದ ಮುಗಿಯಿತು. ಇನ್ನು ನನ್ನ ಹೊಟ್ಟೆಯಲ್ಲಿ ಯಾರೂ ಇಲ್ಲ. ಯಾರಿಗೋಸ್ಕರ ತಿನ್ನಬೇಕು?

ಬಾಣಂತನಕ್ಕೆ ತಿಪಟೂರಿನ ತವರಿಗೆ ಹೋದೆ. ನಮ್ಮ ಕಡೆಯ ಬಾಣಂತನ ಏನೆಂದು ಗೊತ್ತಿರುವವರಿಗೆ ವಿವರಿಸಬೇಕಿಲ್ಲ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಕತ್ತಲೆ ಕೋಣೆ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ. ನೀರು ಮಾತ್ರ ಲೆಕ್ಕ ಹಾಕಿ ಕೊಡುತ್ತಿದ್ದರು, ಹೊಟ್ಟೆ ದಪ್ಪ ಬರುತ್ತದೆ ಅಂತ. (ಹಾಲುಣಿಸುವ ತಾಯಿ ಬಾಯಾರಿಕೆಯಾದಾಗಲೆಲ್ಲ ನೀರು ಕುಡಿಯಲೇಬೇಕು. ಈ ಒಂದು ಪಥ್ಯವನ್ನು ದಯವಿಟ್ಟು ಬಿಟ್ಟುಬಿಡಿ.) ಸ್ನಾನವಾದ ಮೇಲೆ ಅಮ್ಮ ತನ್ನ ಹಳೆಯ ಹತ್ತಿ ಸೀರೆಯನ್ನು ಮಡಚಿ ನನ್ನ ಹೊಟ್ಟೆಗೆ ಬಿಗಿಯಾಗಿ ಸುತ್ತಿ ಕಟ್ಟುತ್ತಿದ್ದಳು. "ಈಗ ಕಟ್ಟಿದ್ರೇನೇ ಹೊಟ್ಟೆ ಒಳಗೆ ಹೋಗೋದು." ನೋಡಲು ಬಂದವರೂ ಮಗುವನ್ನು ನೋಡಿ, ನನ್ನ ಹೊಟ್ಟೆಯನ್ನು ನೋಡಿ, ಚೆನ್ನಾಗಿ ಕಟ್ಟಿಸಿಕೋ ಎಂದು ಹೇಳಿ ಹೋಗುತ್ತಿದ್ದರು. ಅದೇ ಕೈ ಅದೇ ಹೊತ್ತಿಗೆ ತುಪ್ಪ ಸುರಿದು ಅನ್ನ ಕಲಸಿ ಕೊಡುತ್ತಿತ್ತು. ತಿನ್ನು ಎನ್ನುವ ಕೈ, ಕರಗು ಎನ್ನುವ ಕೈ ಒಂದೇ ಆದಾಗ ನನಗೆ ಎತ್ತ ಓಡಬೇಕೆಂದು ತಿಳಿಯಲಿಲ್ಲ.

ಅಂಟಿನುಂಡೆಯ ಬಗ್ಗೆ ಬರೆಯುವುದು ಈಗಲೂ ಕಷ್ಟ. ತಿಪಟೂರಿನ ಕೊಬ್ಬರಿಗೆ ಊರೆಲ್ಲ ಹೆಸರು. ಅಮ್ಮ ಗಿಟುಕನ್ನು ತಾನೇ ಆರಿಸಿ, ಕಪ್ಪು ಸಿಪ್ಪೆ ಹೆರೆದು, ಬಿಳಿಯದನ್ನಷ್ಟೇ ತುರಿಯುತ್ತಿದ್ದಳು. ಅಂಟನ್ನು ತುಪ್ಪದಲ್ಲಿ ಹಾಕಿದರೆ ಚಟಚಟ ಅಂತ ಅರಳುತ್ತದೆ, ಅದನ್ನು ಬಟ್ಟಲ ಬುಡದಿಂದ ಒತ್ತಿ ಪುಡಿ ಮಾಡಬೇಕು. ಉತ್ತುತ್ತೆ, ಬಾದಾಮಿ, ಗಸಗಸೆ, ಚೂರು ಜಾಯಿಕಾಯಿ, ಮೇಲೆ ಬೆಲ್ಲದ ಪಾಕ. ಪಾಕ ಬಿಸಿಯಿರುವಾಗಲೇ ಕಟ್ಟಬೇಕಾದ್ದರಿಂದ ಅವಳ ಅಂಗೈ ಕೆಂಪಾಗುತ್ತಿತ್ತು. ಮೊಣಕಾಲು ನೋವಿನವಳು ಒಲೆ ಮುಂದೆ ಅಷ್ಟು ಹೊತ್ತು ಕೂತು ಕಟ್ಟಿದ ಉಂಡೆಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ನನ್ನ ಮಂಚದ ಪಕ್ಕವೇ ಇಟ್ಟಳು, ರಾತ್ರಿ ಹಾಲುಣಿಸುವಾಗ ಹಸಿವಾದರೆ ಇರಲಿ ಅಂತ. ಹಗಲೆಲ್ಲ ನಾನು ಊಟವನ್ನು ಹೇಗೋ ತಪ್ಪಿಸುತ್ತಿದ್ದೆ. ರಾತ್ರಿ ಮಗು ಮಲಗಿದ ಮೇಲೆ ಆ ಡಬ್ಬಿ ಖಾಲಿಯಾಗುತ್ತಿತ್ತು. ಆಮೇಲಿನದು ಹೇಳುವುದಿಲ್ಲ. ಬೆಳಗ್ಗೆ ಅಮ್ಮ ಖಾಲಿ ಡಬ್ಬಿ ಕಂಡು ಹಿಗ್ಗುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು.

ಫೋನಿನಲ್ಲಿ, ಹೆತ್ತ ಕೆಲವೇ ವಾರಗಳಲ್ಲಿ ಹಳೆಯ ಜೀನ್ಸ್ ತೊಟ್ಟು ನಿಂತ ನಟಿಯರ ಚಿತ್ರ. ಹಾಲುಣಿಸಿದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ಸಲಹೆ. ಮಗುವಿನ ಬಾಯಿಗೆ ಎದೆ ಕೊಡುವಾಗಲೂ ನನ್ನ ತಲೆಯಲ್ಲಿ ಲೆಕ್ಕ ನಡೆಯುತ್ತಿತ್ತು. ತಾಯ್ತನದ ಮೊದಲ ತಿಂಗಳುಗಳನ್ನು ಈ ಕಾಯಿಲೆ ನನ್ನಿಂದ ಕಸಿದುಕೊಂಡದ್ದು ಹೀಗೆ. ಅವಳ ಮೊದಲ ನಗು ನನಗೆ ಸರಿಯಾಗಿ ನೆನಪಿಲ್ಲ.

ಲಸಿಕೆ ಹಾಕಿಸಲು ಹೋದಾಗ ಒಂದು ಫಾರ್ಮ್ ಕೊಟ್ಟರು. ಬಾಣಂತಿಯರ ಖಿನ್ನತೆ ಪತ್ತೆಹಚ್ಚಲು 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪಿಸಿದ, ಈಗ ಜಗತ್ತೆಲ್ಲ ಬಳಸುವ ಎಡಿನ್‌ಬರ್ಗ್ ಪ್ರಶ್ನಾವಳಿ. ಹತ್ತು ಪ್ರಶ್ನೆ. ನಗು ಬರುತ್ತದೆಯೇ, ಸುಮ್ಮಸುಮ್ಮನೆ ಭಯವಾಗುತ್ತದೆಯೇ, ದುಃಖದಿಂದ ನಿದ್ದೆ ಕೆಡುತ್ತದೆಯೇ. ಒಳ್ಳೆಯ ಫಾರ್ಮ್ ಅದು, ಎಷ್ಟೋ ಜೀವ ಉಳಿಸಿರಬಹುದು. ಆದರೆ ಹತ್ತರಲ್ಲಿ ಒಂದೂ ಊಟದ ಬಗ್ಗೆ ಇಲ್ಲ. ನನ್ನ ಅಂಕ ಗಾಬರಿಪಡುವಷ್ಟೇನೂ ಬರಲಿಲ್ಲ. ನನ್ನನ್ನು ಹಿಡಿದದ್ದು ಮಕ್ಕಳ ಡಾಕ್ಟರು. ಫಾರ್ಮ್ ಪಕ್ಕಕ್ಕಿಟ್ಟು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ, "ನೀವು ಬೆಳಗ್ಗೆಯಿಂದ ಏನ್ ತಿಂದ್ರಿ?" ಅಂದರು. ಎಲ್ಲಾ ತಿಂತೀನಿ ಡಾಕ್ಟರ್ ಅಂದೆ. "ಎಲ್ಲಾ ಬೇಡ, ಇವತ್ತಿಂದು ಹೇಳಿ." ಬಾಯಿ ಬರಲಿಲ್ಲ. ಅವರು ಕಾದರು. ಹೊರಗೆ ಅಷ್ಟು ಜನ ಮಕ್ಕಳನ್ನೆತ್ತಿಕೊಂಡು ಕೂತಿದ್ದರೂ ಕಾದರು. ನಾನು ಅತ್ತು ಮುಗಿಸಿದ ಮೇಲೆ, ಮಗುವನ್ನು ಕೈಗೆ ಕೊಟ್ಟು, ಬಾಣಂತಿಯರನ್ನೇ ನೋಡುವ ಮನೋವೈದ್ಯರೊಬ್ಬರಿಗೆ ಚೀಟಿ ಬರೆದರು.

ಆ ಮನೋವೈದ್ಯರು ಮೊದಲ ದಿನ ಕೇಳಿದ್ದರಲ್ಲಿ ಒಂದು ಪ್ರಶ್ನೆ 1999ರಲ್ಲಿ ಲಂಡನ್ನಿನ ವೈದ್ಯರು ರೂಪಿಸಿದ ಸ್ಕಾಫ್ ಎಂಬ ಐದು ಪ್ರಶ್ನೆಗಳ ಪಟ್ಟಿಯದು: ಊಟವೇ ನಿಮ್ಮ ಬದುಕನ್ನು ಆಳುತ್ತಿದೆ ಅನ್ನಿಸುತ್ತದೆಯೇ? ಈ ಪಟ್ಟಿಯಲ್ಲಿ ಈಚೆಗೆ ತೂಕ ಇಳಿದಿದೆಯೇ ಎಂದೂ ಕೇಳುತ್ತಾರೆ, ಬಸಿರಿನಲ್ಲಿ ಅದು ಪ್ರಯೋಜನಕ್ಕೆ ಬಾರದು. ಆದರೆ ಊಟ ಆಳುತ್ತಿದೆಯೇ ಎಂಬ ಆ ಒಂದು ಪ್ರಶ್ನೆಯನ್ನು ಪ್ರತಿ ತಾಯಿ ಕಾರ್ಡಿನ ಜತೆಗೂ ಕೇಳಬೇಕೆಂದು ನನ್ನ ಆಸೆ. ಆಶಾ ಕಾರ್ಯಕರ್ತೆಯೂ ಕೇಳಬಹುದಾದ ಪ್ರಶ್ನೆ ಅದು.

ಅವರು ಕೇಳಿದ ಇನ್ನೊಂದು ಪ್ರಶ್ನೆ ಯಾವ ಪಟ್ಟಿಯದೂ ಅಲ್ಲ. "ಮಗು ಇಲ್ಲದಿದ್ದರೆ ನಿಮಗೆ ಊಟ ಬೇಡವಾ?" ನಾನು ತುಂಬ ಹೊತ್ತು ಸುಮ್ಮನಿದ್ದೆ. ಅಲ್ಲಿಗೇ ಬಂದು ನಿಲ್ಲುತ್ತದೆ ನನ್ನ ಕಥೆ. 'ಮಗುವಿಗೋಸ್ಕರ ತಿನ್ನು' ಎಂಬುದು ಪ್ರೀತಿಯ ಮಾತು, ಒಂಬತ್ತು ತಿಂಗಳು ಅದು ನನ್ನನ್ನು ಕಾಪಾಡಿತು ಕೂಡ. ಆದರೆ ಆ ಮಾತು ಕಾಯಿಲೆಯನ್ನು ಮುಟ್ಟಲಿಲ್ಲ, ಮುಂದಕ್ಕೆ ತಳ್ಳಿತು. ನನ್ನ ದೇಹಕ್ಕೆ ತನ್ನದೇ ಹಕ್ಕಿನಿಂದ ಉಣ್ಣುವ ಅರ್ಹತೆ ಇಲ್ಲ ಎನ್ನುವುದೇ ಕಾಯಿಲೆಯ ವಾದವಾಗಿತ್ತು. ಬೇರೆಯವರಿಗಾಗಿ ತಿನ್ನುವಾಗ ಆ ವಾದಕ್ಕೆ ನಾನು ಒಪ್ಪಿಗೆಯನ್ನೇ ಕೊಡುತ್ತಿದ್ದೆ.

ಅಮ್ಮನಿಗೆ ಇದನ್ನು ಹೇಳಬೇಕಾಗಿ ಬಂದಾಗ ಅವಳು ಮೊದಲು ಸಿಟ್ಟಾದಳು. ಆಮೇಲೆ ಒಂದು ಸಂಜೆ, ಮಗುವಿಗೆ ಎಣ್ಣೆ ಹಚ್ಚುತ್ತ, ತಾನಾಗಿಯೇ ಹೇಳಿದಳು: ಮದುವೆಯಾಗಿ ಬಂದ ಮೇಲೆ ಬಿಸಿ ಅನ್ನ ತಿಂದದ್ದು ತನ್ನ ಎರಡು ಬಾಣಂತನಗಳಲ್ಲಿ ಮಾತ್ರವಂತೆ. ಉಳಿದ ದಿನಗಳಲ್ಲಿ ಎಲ್ಲರದ್ದೂ ಆದ ಮೇಲೆ, ಪಾತ್ರೆಯ ತಳ ಕೆರೆದು, ನಿಂತೇ ಉಣ್ಣುತ್ತಿದ್ದಳು. ಅದು ನನಗೂ ನೆನಪಿದೆ. ಗಂಡನ ಆಯುಸ್ಸಿಗೆ ಭೀಮನ ಅಮಾವಾಸ್ಯೆ, ಮಕ್ಕಳ ಓದಿಗೆ ಗುರುವಾರ, ಉಪವಾಸವೂ ಇನ್ನೊಬ್ಬರಿಗೆ, ಊಟವೂ ಇನ್ನೊಬ್ಬರಿಗೆ. ಅಮ್ಮನಿಗೆ ಕಾಯಿಲೆ ಇರಲಿಲ್ಲ, ನನಗಿತ್ತು. ಈ ಕಾಯಿಲೆಗೆ ಹುಟ್ಟಿನಿಂದ ಬಂದ ಕಾರಣಗಳೂ ಇವೆ, ಎಲ್ಲವನ್ನೂ ಮನೆಯ ತಲೆಗೆ ಕಟ್ಟುವುದು ಅನ್ಯಾಯ. ಆದರೆ ನನ್ನ ಕಾಯಿಲೆ ಆಡುತ್ತಿದ್ದ ಭಾಷೆ ನಮ್ಮ ಅಡುಗೆಮನೆಯದೇ ಆಗಿತ್ತು.

ಚಿಕಿತ್ಸೆ ಹೇಗಿತ್ತು ಎಂದು ಕೇಳುವವರಿಗೆ: ಬಹುಪಾಲು ಬೇಸರ ಹಿಡಿಸುವಷ್ಟು ಸರಳ. ಹೊತ್ತಿಗೆ ಸರಿಯಾಗಿ ಮೂರು ಊಟ, ನಡುವೆ ತಿಂಡಿ, ಹಸಿವಿರಲಿ ಬಿಡಲಿ ದೊಡ್ಡ ಅಂತರ ಬೀಳದಂತೆ. ಹಗಲು ಅರೆಹೊಟ್ಟೆ ಇರದಿದ್ದರೆ ರಾತ್ರಿಯ ಡಬ್ಬಿಯ ಸೆಳೆತ ತಾನಾಗಿ ತಗ್ಗುತ್ತದೆ. ಊಟವಾದ ಮೇಲೆ ಒಂದು ಗಂಟೆ ನನ್ನ ಗಂಡ ಜತೆಗೆ ಕೂರುತ್ತಿದ್ದ, ಕ್ರಿಕೆಟ್ ಹಾಕಿಕೊಂಡು. ಮಾತ್ರೆಯೂ ಇತ್ತು, ಹಾಲುಣಿಸುವುದನ್ನು ಗಮನದಲ್ಲಿಟ್ಟೇ ಬರೆದುಕೊಟ್ಟಿದ್ದರು. ಬಸಿರೆಂದು ಗೊತ್ತಾದ ಕೂಡಲೇ ಮನೋವೈದ್ಯರ ಮಾತ್ರೆಯನ್ನು ತಾವೇ ನಿಲ್ಲಿಸಿಬಿಡುವವರು ಬಹಳ. ಕೇಳದೆ ನಿಲ್ಲಿಸಬೇಡಿ.

ದಾಖಲಾಗಬೇಕಾದರೆ ಮಗುವನ್ನು ಬಿಟ್ಟಿರಬೇಕಾಗುತ್ತದೆ ಎಂಬ ಭಯದಿಂದಲೇ ಎಷ್ಟೋ ತಾಯಂದಿರು ಬಾಯಿ ಬಿಡುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕ 2009ರಿಂದ ಇದೆ. ಮೂರು ವರ್ಷದೊಳಗಿನ ಮಗುವನ್ನು ಮಾನಸಿಕ ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು ಎಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೇ ಹೇಳುತ್ತದೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದವರು 14416ಕ್ಕೆ ಫೋನ್ ಮಾಡಬಹುದು, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮಗಳಿಗೆ ಅನ್ನ ಶುರು ಮಾಡುವ ಹೊತ್ತು ಬಂದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನನ್ನದನ್ನೇ ಅವಳಿಗೂ ಅಂಟಿಸಿಬಿಟ್ಟರೆ? ಆಕ್ಸ್‌ಫರ್ಡಿನ ಮನೋವೈದ್ಯ ಅಲನ್ ಸ್ಟೈನ್ ಮತ್ತು ಸಂಗಡಿಗರು ಇದನ್ನೇ ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಊಟದ ಕಾಯಿಲೆ ಇರುವ ತಾಯಂದಿರಿಗೆ ಮಗು ಚೆಲ್ಲಾಡುವುದು, ಮೈಗೆಲ್ಲ ಬಳಿದುಕೊಳ್ಳುವುದು ಸಹಿಸಲಾಗದೆ ಊಟದ ಹೊತ್ತು ಜಗಳವಾಗಿಬಿಡುತ್ತದೆ. 2006ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 80 ತಾಯಂದಿರಿದ್ದರು. ಮಗುವಿಗೆ ಉಣಿಸುವುದನ್ನು ವಿಡಿಯೊ ಮಾಡಿ, ಆಮೇಲೆ ತಾಯಿಯ ಜತೆ ಕೂತು ಅದನ್ನೇ ನೋಡುತ್ತ, ಇಲ್ಲಿ ಮಗು ಏನು ಹೇಳುತ್ತಿದೆ ನೋಡಿ ಎಂದು ತೋರಿಸಿಕೊಟ್ಟಾಗ ಆ ಜಗಳ ಸ್ಪಷ್ಟವಾಗಿ ಕಡಿಮೆಯಾಯಿತು. ನಮ್ಮ ಡಾಕ್ಟರು ನನ್ನ ಗಂಡನ ಫೋನಿನಲ್ಲೇ ಅದನ್ನು ಮಾಡಿಸಿದರು.

ಅಮ್ಮ ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಕಳಿಸಿದ್ದಳು. ಅದರ ಸರಿಯನ್ನು ಉಣಿಸುವ ವಿಡಿಯೊ. ಚಮಚ ಬರುವ ಮೊದಲೇ ಮಗಳು ಬಾಯಿ ತೆರೆಯುತ್ತಾಳೆ. ಒಂದು ಹಂತದಲ್ಲಿ ತುಟಿ ಮುಚ್ಚಿ ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಾಳೆ. ನನ್ನ ಕೈ ಚಮಚ ಹಿಡಿದು ಅವಳ ಮುಖದ ಹಿಂದೆಯೇ ಹೋಗುತ್ತದೆ, ಒರೆಸುವ ಬಟ್ಟೆ ಇನ್ನೊಂದು ಕೈಯಲ್ಲಿ. ಡಾಕ್ಟರು ಅಲ್ಲಿಗೆ ನಿಲ್ಲಿಸಿ, "ಅವಳು ಏನಂದ್ಲು?" ಅಂದರು. ಸಾಕು ಅಂದಳು. ಹಸಿವೂ ಅವಳಿಗೆ ಗೊತ್ತು, ಸಾಕೂ ಗೊತ್ತು. ಯಾರೂ ಕಲಿಸಿಲ್ಲ. ನನಗೂ ಒಂದು ಕಾಲದಲ್ಲಿ ಗೊತ್ತಿದ್ದಿರಬೇಕು. ಅಂದಿನಿಂದ ಅವಳು ಮುಖ ತಿರುಗಿಸಿದರೆ ನಾನು ಚಮಚ ಕೆಳಗಿಡುತ್ತೇನೆ. ಸರಿಯನ್ನು ತಲೆಗೂದಲಿಗೆ ಬಳಿದುಕೊಂಡರೆ ಬಳಿದುಕೊಳ್ಳಲಿ, ಸ್ನಾನ ಹೇಗೂ ಇದೆ. ಅವಳ ಎದುರಿಗೇ ನನ್ನ ತಟ್ಟೆಯನ್ನೂ ಇಟ್ಟುಕೊಂಡು ಕೂತು ಉಣ್ಣುತ್ತೇನೆ, ಬಿಸಿಯಿರುವಾಗಲೇ.

ಕಾಯಿಲೆ ಪೂರ್ತಿ ಹೋಗಿದೆ ಎನ್ನಲಾರೆ. ಮದುವೆ ಮನೆಗಳಲ್ಲಿ, ಸೀರೆ ಅಂಗಡಿಯ ಕನ್ನಡಿಯ ಮುಂದೆ ಅದು ತಲೆಯೆತ್ತುತ್ತದೆ. ಮನೆಯಲ್ಲಿ ಯಾರ ಮೈಯ ಬಗ್ಗೆಯೂ, ಹೊಗಳಿಕೆಯಾಗಿಯೂ ಸಹ, ದಪ್ಪ ಸಣ್ಣ ಎಂದು ಆಡಬಾರದು ಎಂದು ಕೇಳಿಕೊಂಡಿದ್ದೇನೆ. ಅತ್ತೆ ಆಗಾಗ ಮರೆಯುತ್ತಾರೆ, ನೆನಪಾದಾಗ ಅರ್ಧಕ್ಕೇ ನಿಲ್ಲಿಸುತ್ತಾರೆ.

ಚಿಕ್ಕಮ್ಮನ ಮಗಳು ಈಗ ಏಳು ತಿಂಗಳ ಬಸುರಿ. ನನ್ನ ವಿಷಯ ಗೊತ್ತಿದ್ದರಿಂದ ತನ್ನ ವಿಷಯವನ್ನು ಅವಳು ನನಗೆ ಹೇಳಿದಳು. ಈಗ ಚೆನ್ನಾಗಿ ತಿನ್ನುತ್ತಿದ್ದೀನಿ ಅಕ್ಕ, ಪಾಪುಗೋಸ್ಕರ, ಅಂದಳು. ಅವಳ ಡಾಕ್ಟರ ಹತ್ತಿರ ಜತೆಗೆ ಹೋಗಿದ್ದೆ. ಫೈಲಿನ ಮೊದಲ ಪುಟದಲ್ಲೇ ಕಾಯಿಲೆಯ ಹೆಸರು ಬರೆಸಿದ್ದಾಗಿದೆ, ತೂಕ ಅವಳಿಗೆ ಹೇಳಬಾರದು ಎಂದೂ ಬರೆದಿದೆ. ಹೆರಿಗೆಗೆ ಇನ್ನೂ ಸಮಯವಿದ್ದರೂ, ಅದಾದ ಮೂರನೇ ವಾರಕ್ಕೆ ಮನೋವೈದ್ಯರ ಭೇಟಿಯನ್ನು ಈಗಲೇ ಗೊತ್ತುಮಾಡಿಕೊಂಡಿದ್ದೇವೆ, ಬಾಣಂತನದ ಕೋಣೆಯಿಂದ ವಿಡಿಯೊ ಕರೆಯಲ್ಲಾದರೂ ಆದೀತು ಎಂದಿದ್ದಾರೆ. ಹೊಟ್ಟೆ ಕಟ್ಟಿಸಿಕೊಳ್ಳಬೇಕೋ ಬೇಡವೋ ಎನ್ನುವುದು ಅವಳ ಇಷ್ಟ ಎಂದು ಒಪ್ಪಿಸಬೇಕು. ಚಿಕ್ಕಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಈ ಭಾನುವಾರ ಅಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ, ಚಿಕ್ಕಮ್ಮನ ಜತೆ ತಾನೇ ಮಾತಾಡುತ್ತೀನಿ ಅಂದಿದ್ದಾಳೆ ಅಮ್ಮ.